ನ್ಯಾಂಡ್ರೊಲೋನ್ ಇಂಜೆಕ್ಷನ್: ಕಿಡ್ನಿ ತೊಂದರೆ, ಮೂಳೆ ಸವೆತ ಇರುವ ಅಮ್ಮನಿಗೆ ಕೊಡಿಸಬಹುದಾ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 67 ವರ್ಷ, ತೂಕ 47 ಕೆ.ಜಿ. ಶುಗರ್‌ಗೆ ಗ್ಲಿಮೆಪಿರೈಡ್ 1 ಮಿ.ಗ್ರಾಂ, ಬಿಪಿಗೆ ಆಮ್ಲೋಡಿಪಿನ್ 5 ಮಿ.ಗ್ರಾಂ ತಗೊಳ್ತಾರೆ. ಕ್ರಿಯಾಟಿನಿನ್ 2.1, ಇಜಿಎಫ್‌ಆರ್ (ಕಿಡ್ನಿ ರಕ್ತ ಶೋಧಿಸುವ ವೇಗ) 25. ಹಿಮೋಗ್ಲೋಬಿನ್ 8.7. ಡೆಕ್ಸಾ ಸ್ಕ್ಯಾನ್‌ನಲ್ಲಿ (ಮೂಳೆ ಸಾಂದ್ರತೆಯ ಪರೀಕ್ಷೆ) ಸೊಂಟದ ಟಿ-ಸ್ಕೋರ್ ಮೈನಸ್ 3.0. ತುಂಬಾ ಸುಸ್ತು, ಕೂತಲ್ಲಿಂದ ಏಳೋಕೂ ಕಷ್ಟ.

ಡಾಕ್ಟರ್ ನ್ಯಾಂಡ್ರೊಲೋನ್ ಡೆಕನೋಯೇಟ್ 50 ಮಿ.ಗ್ರಾಂ, 3 ವಾರಕ್ಕೊಂದು, ಒಟ್ಟು 6 ಇಂಜೆಕ್ಷನ್ ಬರೆದಿದ್ದಾರೆ. ಇನ್ನೂ ಶುರು ಮಾಡಿಲ್ಲ. ಮೆಡಿಕಲ್ ಶಾಪಿನವರು "ಇದು ಸ್ಟೆರಾಯ್ಡ್" ಅಂದರು. ಸ್ಟೆರಾಯ್ಡ್‌ನಿಂದ ಮೂಳೆ ಸವೆಯುತ್ತೆ ಅಂತಾರಲ್ಲ, ಮತ್ತೆ ಮೂಳೆಗೇ ಯಾಕೆ ಬರೆದರು? ಹೆಂಗಸರಿಗೆ ಏನೇನು ಅಡ್ಡಪರಿಣಾಮ? ಕಿಡ್ನಿಗೆ ಹೊಡೆತ ಬೀಳುತ್ತಾ? ಜಿಮ್‌ಗೆ ಹೋಗುವ ಅಣ್ಣನ ಮಗ (22 ವರ್ಷ) "ನಮ್ಮಲ್ಲೂ ಇದನ್ನೇ ಹಾಕ್ಕೊಳ್ತಾರೆ ಚಿಕ್ಕಪ್ಪ" ಅಂದ. ಅದೂ ಇದೂ ಒಂದೇನಾ?

ಔಷಧಿಚೀಟಿ (ಕ್ಲಿನಿಕಲ್ ಫಾರ್ಮಸಿ)

ಮೊದಲು ಸ್ಟೆರಾಯ್ಡ್ ಗೊಂದಲ ಬಿಡಿಸೋಣ. ಮೂಳೆ ಸವೆಸುವುದು, ಮುಖ ಊದಿಸುವುದು, ಶುಗರ್ ಏರಿಸುವುದು ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಗುಂಪಿನವು. ಅವು ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್‌ನ ಕೆಲಸ ಮಾಡುತ್ತವೆ, ಸ್ನಾಯು ಮತ್ತು ಮೂಳೆಯನ್ನು ಕರಗಿಸುತ್ತವೆ. ನ್ಯಾಂಡ್ರೊಲೋನ್ ಪುರುಷ ಹಾರ್ಮೋನ್ ಟೆಸ್ಟೋಸ್ಟೆರಾನ್‌ನ ಗುಂಪಿನದು. ಟೆಸ್ಟೋಸ್ಟೆರಾನ್‌ನ 19ನೇ ಇಂಗಾಲದ ಕೊಂಡಿ ತೆಗೆದರೆ ನ್ಯಾಂಡ್ರೊಲೋನ್. ಇದು ಪ್ರೋಟೀನ್ ಕೂಡಿಸುವ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ: ಸ್ನಾಯು ಹೆಚ್ಚಾಗುತ್ತದೆ, ಮೂಳೆ ಸಾಂದ್ರತೆ ಸ್ವಲ್ಪ ಏರುತ್ತದೆ, ಮಜ್ಜೆಯಲ್ಲಿ ಕೆಂಪು ರಕ್ತಕಣ ಜಾಸ್ತಿ ತಯಾರಾಗುತ್ತದೆ. ಹಾಗಾಗಿ ಡಾಕ್ಟರ್ ಬರೆದಿದ್ದು ತಲೆಕೆಳಗಾದ ಔಷಧ ಏನಲ್ಲ. ನಿಮ್ಮ ತಾಯಿಗೆ ಈಗಲೇ ಬೇಕಾ ಅನ್ನುವುದು ಬೇರೆ ಪ್ರಶ್ನೆ.

50 ಮಿ.ಗ್ರಾಂ ಆಂಪ್ಯೂಲ್ ಅಂದರೆ ಅಷ್ಟೂ ನ್ಯಾಂಡ್ರೊಲೋನ್ ಅಲ್ಲ. ಡೆಕನೋಯೇಟ್ ಅನ್ನುವುದು 10 ಇಂಗಾಲದ ಕೊಬ್ಬಿನಾಮ್ಲದ ಬಾಲ. ಅದನ್ನು ಕಳೆದರೆ ಉಳಿಯುವುದು ಸುಮಾರು 32 ಮಿ.ಗ್ರಾಂ. ಆ ಬಾಲ ಇರುವುದರಿಂದಲೇ ಔಷಧ ಎಣ್ಣೆಯಲ್ಲಿ ಕರಗಿ ಸ್ನಾಯುವಿನಲ್ಲಿ ಕೂತು ನಿಧಾನವಾಗಿ ರಕ್ತಕ್ಕೆ ಬರುತ್ತದೆ. ಅರ್ಧ ಖಾಲಿಯಾಗಲು ಆರೇಳು ದಿನ. 3 ವಾರದ ಹೊತ್ತಿಗೆ ಹತ್ತನೇ ಒಂದು ಭಾಗದಷ್ಟು ಉಳಿದಿರುತ್ತದೆ, ಅದಕ್ಕೇ 3 ವಾರದ ಅಂತರ. ಇದರ ಇನ್ನೊಂದು ಮುಖವನ್ನೂ ನೆನಪಿಡಿ: ಅಡ್ಡಪರಿಣಾಮ ಕಂಡ ದಿನ ನಿಲ್ಲಿಸಿದರೂ ಒಳಗೆ ಹೋಗಿರುವ ಔಷಧ ಇನ್ನೂ ಕೆಲವು ವಾರ ಕೆಲಸ ಮಾಡುತ್ತಲೇ ಇರುತ್ತದೆ. ಮಾತ್ರೆ ನಿಲ್ಲಿಸಿದ ಹಾಗಲ್ಲ.

ಹೆಂಗಸರಲ್ಲಿ ಮುಖ್ಯವಾಗಿ ಗಮನಿಸಬೇಕಾದ್ದು ಧ್ವನಿ. ಗಂಟಲು ಗೊರಗೊರ ಅನ್ನುವುದು, ದನಿ ಒಡೆಯುವುದು, ಫೋನಿನಲ್ಲಿ "ಯಾರು ಮಾತಾಡ್ತಿರೋದು?" ಅಂತ ಬೇರೆಯವರು ಕೇಳುವುದು, ಇವು ಮೊದಲ ಲಕ್ಷಣ. ಆಗಲೇ ನಿಲ್ಲಿಸಬೇಕು, ಯಾಕೆಂದರೆ ಧ್ವನಿಪೆಟ್ಟಿಗೆಯಲ್ಲಿ ಆದ ಬದಲಾವಣೆ ಹಿಂದಕ್ಕೆ ಹೋಗದೇ ಇರಬಹುದು. ಗಲ್ಲ, ಮೇಲ್ತುಟಿಯಲ್ಲಿ ಕೂದಲು, ಮೊಡವೆ, ಎಣ್ಣೆ ಚರ್ಮ ಇವೂ ಬರುತ್ತವೆ. ಮೊಡವೆ ಹೋಗುತ್ತದೆ, ಕೂದಲು ಪೂರ್ತಿ ಹೋಗುವುದಿಲ್ಲ. 3 ವಾರಕ್ಕೆ 50 ಮಿ.ಗ್ರಾಂ ಪ್ರಮಾಣದಲ್ಲಿ ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆಗುವವರಿಗೆ ಇದೇ ಪ್ರಮಾಣದಲ್ಲೂ ಆಗುತ್ತದೆ. ವಯಸ್ಸಾದವರು ಇಂಥದ್ದನ್ನು ತಾವಾಗಿ ಹೇಳಿಕೊಳ್ಳುವುದು ಕಡಿಮೆ. ಶುರು ಮಾಡುವ ಮುಂಚೆಯೇ ಮನೆಯವರು ಒಂದು ನಿಮಿಷ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಪ್ರತಿ ಡೋಸಿಗೆ ಮುಂಚೆ ಹೋಲಿಸಿ ನೋಡಿ.

ನಿಮ್ಮ ತಾಯಿಯ ಚೀಟಿಯಲ್ಲಿ ನನಗೆ ಎದ್ದು ಕಾಣುವುದು ಗ್ಲಿಮೆಪಿರೈಡ್. ಅನಬಾಲಿಕ್ ಸ್ಟೆರಾಯ್ಡ್ (ನ್ಯಾಂಡ್ರೊಲೋನ್ ಥರದ, ಸ್ನಾಯು ಬೆಳೆಸುವ ಗುಂಪು) ಶುಗರ್ ಇಳಿಸಬಹುದು. ಇಜಿಎಫ್‌ಆರ್ 25 ಇರುವವರಲ್ಲಿ ಗ್ಲಿಮೆಪಿರೈಡ್ ಮತ್ತು ಅದರಿಂದ ಹುಟ್ಟುವ ಅಂಶಗಳು ಹೊರಗೆ ಹೋಗುವುದು ಮೊದಲೇ ನಿಧಾನ. ಎರಡೂ ಸೇರಿದರೆ ಶುಗರ್ ಲೋ ಆಗುವ ಅಪಾಯ ನಿಜವಾದದ್ದು. ಇಂಜೆಕ್ಷನ್ ಕೊಡುವುದೇ ಆದರೆ ಮೊದಲ ಎರಡು ವಾರ ಗ್ಲುಕೋಮೀಟರ್‌ನಲ್ಲಿ ಬೆಳಗಿನ ಖಾಲಿ ಹೊಟ್ಟೆಯದು ಮತ್ತು ಸಂಜೆ ಊಟಕ್ಕೆ ಮುಂಚಿನದು ನೋಡಿ ಬರೆದಿಡಿ; 70ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ಫೋನ್ ಮಾಡಿ. ಮುಂದೆ ಯಾವಾಗಲಾದರೂ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ) ಬರೆದರೆ ಈ ಇಂಜೆಕ್ಷನ್ ವಿಷಯ ಮರೆಯದೆ ಹೇಳಿ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಜೋರಾಗಿ ಏರುತ್ತದೆ.

ಇನ್ನು ಕಿಡ್ನಿ. ನ್ಯಾಂಡ್ರೊಲೋನ್ ಈ ಪ್ರಮಾಣದಲ್ಲಿ ನೇರವಾಗಿ ಕಿಡ್ನಿ ಕೆಡಿಸುವುದಕ್ಕಿಂತ ಉಪ್ಪು, ನೀರನ್ನು ಮೈಯಲ್ಲಿ ಹಿಡಿದಿಡುವುದೇ ತೊಂದರೆ. ಬಿಪಿ ಏರುತ್ತದೆ, ಪಾದ ಊದುತ್ತದೆ. ಆಮ್ಲೋಡಿಪಿನ್‌ನಿಂದಲೂ ಪಾದ ಊದುವುದರಿಂದ ಯಾವುದರಿಂದ ಅಂತ ತಿಳಿಯದೆ ಹೋಗಬಹುದು. ಅದಕ್ಕೇ ತೂಕ ನೋಡಿ. ವಾರದೊಳಗೆ 2 ಕೆ.ಜಿ. ಏರಿದರೆ ಅದು ಸ್ನಾಯು ಅಲ್ಲ, ನೀರು. ಸ್ನಾಯು ಹೆಚ್ಚಾದಾಗ ಕ್ರಿಯಾಟಿನಿನ್ ಚೂರು ಏರುವುದೂ ಇದೆ, ಆಗ ಗಾಬರಿಯಾಗದೆ ಸಿಸ್ಟಾಟಿನ್ ಸಿ ಅನ್ನುವ ರಕ್ತಪರೀಕ್ಷೆ ಮಾಡಿಸಿದರೆ ಕಿಡ್ನಿಯ ನಿಜಸ್ಥಿತಿ ಗೊತ್ತಾಗುತ್ತದೆ.

ಮಜ್ಜೆಮೂತ್ರಪಿಂಡ

ಮೇಲಿನ ಉತ್ತರಕ್ಕೆ ಸೇರಿಸುವುದಿದೆ, ಸ್ವಲ್ಪ ಭಿನ್ನಾಭಿಪ್ರಾಯವೂ ಇದೆ. "ಇಂಜೆಕ್ಷನ್ ಕೊಟ್ಟರೆ ಏನು ನೋಡಬೇಕು" ಅನ್ನುವುದಕ್ಕಿಂತ ಮೊದಲು "ಹಿಮೋಗ್ಲೋಬಿನ್ 8.7 ಯಾಕೆ" ಅನ್ನುವುದಕ್ಕೆ ಉತ್ತರ ಬೇಕು.

ಎರಿಥ್ರೊಪೊಯೆಟಿನ್ (ಕೆಂಪು ರಕ್ತಕಣ ಹೆಚ್ಚಿಸುವ, ಕಿಡ್ನಿಯೇ ತಯಾರಿಸುವ ಹಾರ್ಮೋನ್) ಔಷಧವಾಗಿ ಬರುವ ಮುಂಚೆ ಡಯಾಲಿಸಿಸ್ ರೋಗಿಗಳ ರಕ್ತಹೀನತೆಗೆ ರಕ್ತ ಏರಿಸುವುದು ಬಿಟ್ಟರೆ ನ್ಯಾಂಡ್ರೊಲೋನ್ ಥರದ ಔಷಧಗಳೇ ಗತಿ. ಹೆಂಗಸರಿಗೆ ವಾರಕ್ಕೆ 50ರಿಂದ 100 ಮಿ.ಗ್ರಾಂ, ಗಂಡಸರಿಗೆ 100ರಿಂದ 200 ಮಿ.ಗ್ರಾಂ ಕೊಡುತ್ತಿದ್ದರು. ವಾರಕ್ಕೆ, 3 ವಾರಕ್ಕಲ್ಲ. ನಿಮ್ಮ ತಾಯಿಗೆ ಬರೆದಿರುವುದು ಮೂಳೆ ಸವೆತಕ್ಕೆ ಬಳಸುವ ಪ್ರಮಾಣ. ಅದರಿಂದ ಹಿಮೋಗ್ಲೋಬಿನ್ 8.7ರಿಂದ ದೊಡ್ಡದಾಗಿ ಏರುತ್ತದೆ ಅಂತ ನಿರೀಕ್ಷಿಸಬೇಡಿ. ವಾರದ ಡೋಸ್ ಕೊಟ್ಟಾಗಲೂ ಪರಿಣಾಮ ಕಾಣಲು 2–3 ತಿಂಗಳು ಹಿಡಿಯುತ್ತಿತ್ತು. ಇದು ಉಳಿದಿರುವ ಕಿಡ್ನಿಯಿಂದ ಎರಿಥ್ರೊಪೊಯೆಟಿನ್ ಹೆಚ್ಚು ಹೊರಡಿಸುತ್ತದೆ, ಮಜ್ಜೆಯ ಮೂಲಕೋಶಗಳನ್ನೂ ಪ್ರಚೋದಿಸುತ್ತದೆ. ಎರಡೂ ಕಿಡ್ನಿ ತೆಗೆದವರಲ್ಲಿ ಅಷ್ಟಾಗಿ ಕೆಲಸ ಮಾಡದಿರುವುದಕ್ಕೆ ಕಾರಣ ಅದೇ.

1989ರಲ್ಲಿ ಅಮೆರಿಕದಲ್ಲಿ ಎಪೊಯೆಟಿನ್‌ಗೆ (ಔಷಧವಾಗಿ ತಯಾರಿಸಿದ ಎರಿಥ್ರೊಪೊಯೆಟಿನ್) ಅನುಮತಿ ಸಿಕ್ಕ ಮೇಲೆ ಚಿತ್ರವೇ ಬದಲಾಯಿತು. ಕಿಡ್ನಿ ರೋಗಗಳಿಗೆ ಮಾರ್ಗಸೂಚಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2012ರ ಮಾರ್ಗಸೂಚಿ ಎರಿಥ್ರೊಪೊಯೆಟಿನ್ ಜೊತೆಗೆ ಆಂಡ್ರೋಜನ್ (ನ್ಯಾಂಡ್ರೊಲೋನ್ ಥರದ ಪುರುಷ ಹಾರ್ಮೋನ್) ಸೇರಿಸಬೇಡಿ ಅಂತಲೇ ಹೇಳುತ್ತದೆ. ಇಷ್ಟಾದರೂ ನಮ್ಮಲ್ಲಿ "ಶಕ್ತಿ ಇಂಜೆಕ್ಷನ್" ಅನ್ನುವ ಲೆಕ್ಕದಲ್ಲಿ ಇದು ಇನ್ನೂ ಓಡುತ್ತಿದೆ. ಸುಸ್ತಿಗೆ ಕಾರಣ ಹುಡುಕದೆ ಇದನ್ನು ಚುಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಆಗಬೇಕಾದ ಟೆಸ್ಟುಗಳು: ಸಿಬಿಸಿ ಜೊತೆ ಎಂಸಿವಿ (ಕೆಂಪುಕಣದ ಗಾತ್ರ), ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಟಿಸ್ಯಾಟ್, ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣದ ಅಳತೆ), ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಕಬ್ಬಿಣವೇ ಇಲ್ಲದಿದ್ದರೆ ನ್ಯಾಂಡ್ರೊಲೋನ್ ಆಗಲಿ ಎರಿಥ್ರೊಪೊಯೆಟಿನ್ ಆಗಲಿ ಕೊಟ್ಟು ಪ್ರಯೋಜನವಿಲ್ಲ: ಮೇಸ್ತ್ರಿ ಬಂದು ನಿಂತರೂ ಇಟ್ಟಿಗೆ ಇಲ್ಲದೆ ಗೋಡೆ ಏಳುವುದಿಲ್ಲ. ಕಿಡ್ನಿ ರೋಗಿಗಳಲ್ಲಿ ಫೆರಿಟಿನ್ ಒಂದನ್ನೇ ನಂಬಬಾರದು, ಉರಿಯೂತ ಇದ್ದರೆ ಅದು ಸುಳ್ಳೇ ಹೆಚ್ಚು ತೋರಿಸುತ್ತದೆ. ಟಿಸ್ಯಾಟ್ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ ಅಂತಲೇ ನಡೆಯಿರಿ.

ಮೂಳೆಯದ್ದೂ ಅಷ್ಟೇ. ಇಜಿಎಫ್‌ಆರ್ 25ರಲ್ಲಿ ಟಿ-ಸ್ಕೋರ್ ಮೈನಸ್ 3 ಅಂದರೆ ಬರೀ ವಯಸ್ಸಿನ ಸವೆತ ಅಂತ ತೀರ್ಮಾನಿಸುವ ಹಾಗಿಲ್ಲ. ಕಿಡ್ನಿ ಕುಂದಿದಾಗ ಪ್ಯಾರಾಥೈರಾಯ್ಡ್ ಹಾರ್ಮೋನ್ (ಪಿಟಿಎಚ್) ಏರಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತಿರುತ್ತದೆ. ಪಿಟಿಎಚ್, ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ ಬೇಕೇ ಬೇಕು. ನ್ಯಾಂಡ್ರೊಲೋನ್ ಸಾಂದ್ರತೆಯನ್ನು ಸ್ವಲ್ಪ ಏರಿಸುವುದು ನಿಜ, ಮೂಳೆ ಮುರಿಯುವುದನ್ನು ತಡೆಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ನಿಮ್ಮ ಡಾಕ್ಟರ್ ಮೂಳೆ ಸವೆತದ ಔಷಧಗಳಾದ ಆಲೆಂಡ್ರೊನೇಟ್ ಅಥವಾ ವರ್ಷಕ್ಕೊಮ್ಮೆಯ ಜೊಲೆಡ್ರೊನಿಕ್ ಆಸಿಡ್ ಬರೆಯದೇ ಇದ್ದುದಕ್ಕೆ ಇಜಿಎಫ್‌ಆರ್ 35ಕ್ಕಿಂತ ಕಡಿಮೆ ಇರುವುದೇ ಕಾರಣ ಇರಬಹುದು. ಅದು ಸರಿಯಾದ ಎಚ್ಚರಿಕೆ.

ಸುಸ್ತು, ಸ್ನಾಯು ಸೊರಗಿರುವುದಕ್ಕೆ ಮಾತ್ರ ಇದಕ್ಕೊಂದು ನಿಜವಾದ ಜಾಗ ಇದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 29 ಡಯಾಲಿಸಿಸ್ ರೋಗಿಗಳಲ್ಲಿ ಕೆಲವರಿಗೆ ವಾರಕ್ಕೆ 100 ಮಿ.ಗ್ರಾಂನಂತೆ 6 ತಿಂಗಳು ನ್ಯಾಂಡ್ರೊಲೋನ್ ಕೊಟ್ಟರು, ಉಳಿದವರಿಗೆ ಬರೀ ಎಣ್ಣೆಯ ಇಂಜೆಕ್ಷನ್. ಕೊಬ್ಬು ಬಿಟ್ಟು ಉಳಿದ ದೇಹತೂಕ ಮೊದಲ ಗುಂಪಿಗೆ ಸರಾಸರಿ 4.5 ಕೆ.ಜಿ. ಏರಿತು, ಇನ್ನೊಂದಕ್ಕೆ 1.9. ಆದರೆ ಇದು ವಾರದ ಡೋಸ್, ಆಯ್ದ ರೋಗಿಗಳು, ಪ್ರತಿ ಭೇಟಿಯಲ್ಲೂ ತಪಾಸಣೆ. ಇನ್ನೊಂದು ತೊಡಕು ಊಟದ್ದು. ಸ್ನಾಯು ಕಟ್ಟಲು ಪ್ರೋಟೀನ್ ಬೇಕು, ಕಿಡ್ನಿಗೆ ಪ್ರೋಟೀನ್ ಮಿತಿ ಹಾಕಿರುತ್ತಾರೆ. 47 ಕೆ.ಜಿ.ಗೆ ದಿನಕ್ಕೆ ಕೆ.ಜಿ.ಗೆ 0.8 ಗ್ರಾಂನಂತೆ ಸುಮಾರು 38 ಗ್ರಾಂ. ಬರೀ ಅನ್ನ, ತಿಳಿಸಾರು, ಗಂಜಿಯಲ್ಲಿ ದಿನ ತಳ್ಳುವ ವಯಸ್ಸಾದವರು ಅಷ್ಟನ್ನೂ ತಿನ್ನುತ್ತಿರುವುದಿಲ್ಲ. ಡಯಟಿಷಿಯನ್ ಹತ್ತಿರ ಒಮ್ಮೆ ಲೆಕ್ಕ ಹಾಕಿಸಿ.

ತುಂಗಾತೀರ

ಇಬ್ಬರಿಗೂ ತುಂಬಾ ಧನ್ಯವಾದ. ಹೇಳಿದ ಟೆಸ್ಟೆಲ್ಲ ಕೇಳಿ ಮಾಡಿಸ್ತೀನಿ. ಒಂದು ವೇಳೆ ಇಂಜೆಕ್ಷನ್ ಕೊಡಿಸಬೇಕಾಗಿ ಬಂದರೆ ಊರಿನ ಕ್ಲಿನಿಕ್‌ನಲ್ಲಿ ಸಿಸ್ಟರ್ ಕೊಡಬಹುದಾ? ಅಮ್ಮ ತುಂಬಾ ಸಣಕಲು, ಸೊಂಟದಲ್ಲಿ ಮಾಂಸವೇ ಇಲ್ಲ.

ವಾರ್ಡ್‌ಸಿಸ್ಟರ್

ಕೊಡಬಹುದು, ಎಣ್ಣೆ ಇಂಜೆಕ್ಷನ್ ಅಂತ ಗೊತ್ತಿದ್ದು ಕೊಡುವವರಾಗಿರಬೇಕು ಅಷ್ಟೇ.

ಎಲ್ಲಕ್ಕಿಂತ ಮೊದಲು ಲೇಬಲ್ ನೋಡಿ. ಕೆಲವು ಕಂಪನಿಗಳ ನ್ಯಾಂಡ್ರೊಲೋನ್‌ನಲ್ಲಿರುವುದು ಆರಾಕಿಸ್ ಆಯಿಲ್, ಅಂದರೆ ನಮ್ಮ ಕಡಲೆಕಾಯಿ ಎಣ್ಣೆ. ಶೇಂಗಾ ತಿಂದರೆ ಮೈಯೆಲ್ಲ ಗಂಧೆ ಏಳುವವರಿಗೆ, ಉಸಿರು ಕಟ್ಟುವವರಿಗೆ ಇದು ಕೊಡಬಾರದು. ಯಾರೂ ಕೇಳುವುದಿಲ್ಲ ಈ ಪ್ರಶ್ನೆ, ನೀವೇ ಹೇಳಿಬಿಡಿ.

ಆಂಪ್ಯೂಲನ್ನು ಫ್ರಿಜ್‌ನಲ್ಲಿಡಬೇಡಿ. ಎಣ್ಣೆ ಗಟ್ಟಿಯಾಗುತ್ತದೆ, ಕೆಲವೊಮ್ಮೆ ಹರಳು ಕಾಣುತ್ತದೆ. ಬಿಸಿಲು ಬೀಳದ ಕಡೆ, ಡಬ್ಬಿಯೊಳಗೇ ಇಡಿ. ಚಳಿಗಾಲದಲ್ಲಿ ಕೊಡುವ ಮುಂಚೆ ಐದು ನಿಮಿಷ ಅಂಗೈಯಲ್ಲಿ ಹಿಡಿದರೆ ತೆಳುವಾಗುತ್ತದೆ. ಮಬ್ಬಾಗಿದ್ದರೆ, ಕಸರು ತೇಲುತ್ತಿದ್ದರೆ ವಾಪಸ್ ಕೊಡಿ. ಬ್ಯಾಚ್ ನಂಬರ್ ಇರುವ ಬಿಲ್ ಇಲ್ಲದೆ ಕೊಳ್ಳಬೇಡಿ, ಈ ಔಷಧದ ನಕಲಿ ಮಾಲು ತುಂಬಾ ಇದೆ.

ಎಳೆದುಕೊಳ್ಳಲು ದಪ್ಪ ಸೂಜಿ (18 ಅಥವಾ 20 ಗೇಜ್), ಚುಚ್ಚಲು ಬೇರೆ ಸೂಜಿ, 22 ಗೇಜ್. ಸಣ್ಣ ಸೂಜಿಯಲ್ಲಿ ಎಣ್ಣೆ ಇಳಿಯುವುದಿಲ್ಲ, ಒತ್ತಡ ಹಾಕಿದರೆ ಸಿರಿಂಜ್ ಕಳಚಿಕೊಳ್ಳುತ್ತದೆ. ಸಣಕಲು ಇರುವವರಿಗೆ ಕುಂಡಿಯ ಹಿಂಭಾಗಕ್ಕಿಂತ ಸೊಂಟದ ಪಕ್ಕದ ಜಾಗ, ವೆಂಟ್ರೋಗ್ಲುಟಿಯಲ್ ಅಂತೀವಲ್ಲ, ಅದು ಒಳ್ಳೆಯದು. ಅಲ್ಲಿ ಸಿಯಾಟಿಕ್ ನರ ಹತ್ತಿರ ಇಲ್ಲ, ಕೊಬ್ಬಿನ ಪದರ ತೆಳು, ಔಷಧ ಸ್ನಾಯುವಿಗೇ ಹೋಗುತ್ತದೆ. ಮಲಗಿಸಿ, ಚರ್ಮವನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದು, ನೇರ ಚುಚ್ಚಿ, ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರಲಿಲ್ಲ ಅಂತ ಖಚಿತ ಮಾಡಿಕೊಂಡು, 1 ಎಂಎಲ್‌ಗೆ 10 ಸೆಕೆಂಡಿಗೆ ಕಡಿಮೆಯಿಲ್ಲದಂತೆ ನಿಧಾನ ಬಿಡಬೇಕು. ಹತ್ತು ಸೆಕೆಂಡ್ ಬಿಟ್ಟು ಸೂಜಿ ತೆಗೆದು, ಆಮೇಲೆ ಚರ್ಮ ಬಿಡಬೇಕು. ಇಲ್ಲದಿದ್ದರೆ ಎಣ್ಣೆ ವಾಪಸ್ ಜಿನುಗಿ ಚರ್ಮದಡಿ ಗಂಟಾಗುತ್ತದೆ. ಉಜ್ಜಬೇಡಿ, ಹತ್ತಿ ಒತ್ತಿ ಹಿಡಿಯಿರಿ ಸಾಕು.

ಕೊಟ್ಟ ತಕ್ಷಣ ಕೆಮ್ಮು ಉಕ್ಕಿ ಬಂದರೆ, ಎದೆ ಬಿಗಿದರೆ, ಎಣ್ಣೆಯ ಚೂರು ರಕ್ತನಾಳಕ್ಕೆ ಹೋಗಿದೆ ಅಂತ ಅರ್ಥ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ, ಆದರೂ ಅರ್ಧ ಗಂಟೆ ಅಲ್ಲೇ ಕೂರಿಸಿ, ಬಿಪಿ, ಆಕ್ಸಿಜನ್ ನೋಡಿಸಿ. ಕೊಟ್ಟು ಮನೆಗೆ ಕಳಿಸುವ ಆತುರ ಬೇಡ. ಮೂರನೇ ದಿನಕ್ಕೂ ಜಾಗ ಕೆಂಪಾಗಿ, ಬಿಸಿಯಾಗಿ, ನೋವು ಏರುತ್ತಲೇ ಇದ್ದರೆ ಕೀವು ಕಟ್ಟುತ್ತಿರಬಹುದು, ಶುಗರ್ ಇರುವವರಲ್ಲಿ ಇದು ಬೇಗ ಬೆಳೆಯುತ್ತದೆ, ಡಾಕ್ಟರಿಗೆ ತೋರಿಸಿ. ಮುಂದಿನ ಡೋಸ್ ಇನ್ನೊಂದು ಪಕ್ಕಕ್ಕೆ.

ಆಂಡ್ರಾಲಜಿ_ಬೆಂಗಳೂರು

ಅಣ್ಣನ ಮಗನ ವಿಷಯಕ್ಕೆ ಬರ್ತೀನಿ, ಯಾಕೆಂದರೆ ಯಾರೂ ಅದಕ್ಕೆ ಉತ್ತರ ಕೊಟ್ಟಿಲ್ಲ. ಔಷಧ ಅದೇ. ಪ್ರಮಾಣ, ಜೊತೆಗೆ ಸೇರಿಸುವ ಇತರ ವಸ್ತುಗಳು, ತಪಾಸಣೆ ಇವು ಯಾವುವೂ ಅದಲ್ಲ. ಜಿಮ್‌ಗಳಲ್ಲಿ ಹಾಕಿಕೊಳ್ಳುವುದು ಚಿಕಿತ್ಸೆಯ ಡೋಸಿನ ಹಲವು ಪಟ್ಟು, ಅದೂ ಎರಡು ಮೂರು ಸ್ಟೆರಾಯ್ಡ್ ಸೇರಿಸಿ.

22ರ ಹುಡುಗನಲ್ಲಿ ಮೊದಲು ಆಗುವುದು ಇದು: ಮೆದುಳು "ಹಾರ್ಮೋನ್ ಬೇಕಾದಷ್ಟಿದೆ" ಅಂತ ಎಲ್‌ಎಚ್, ಎಫ್‌ಎಸ್‌ಎಚ್ (ವೃಷಣಕ್ಕೆ ಕೆಲಸ ಹೇಳುವ ಹಾರ್ಮೋನ್‌ಗಳು) ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣ ಚಿಕ್ಕದಾಗುತ್ತದೆ, ವೀರ್ಯಾಣು ಸೊನ್ನೆಗೆ ಇಳಿಯುತ್ತದೆ. ನ್ಯಾಂಡ್ರೊಲೋನ್‌ಗೆ ಪ್ರೊಜೆಸ್ಟೆರಾನ್ ಥರದ ಗುಣವೂ ಇರುವುದರಿಂದ ಈ ತಡೆ ಇನ್ನೂ ಬಲವಾಗಿರುತ್ತದೆ. ನಿಲ್ಲಿಸಿದ ಮೇಲೆ ಬಹುತೇಕರಲ್ಲಿ 6ರಿಂದ 12 ತಿಂಗಳಲ್ಲಿ ವಾಪಸ್ ಬರುತ್ತದೆ, ಕೆಲವರಲ್ಲಿ 2 ವರ್ಷವೂ ಆಗುತ್ತದೆ, ಕೆಲವರಲ್ಲಿ ಪೂರ್ತಿ ಬರುವುದೇ ಇಲ್ಲ. ಆ ಖಾಲಿ ತಿಂಗಳುಗಳಲ್ಲಿ ಬರುವ ಮಂಕು, ನಿದ್ದೆಗೇಡು, ಲೈಂಗಿಕ ಆಸಕ್ತಿ ಹೋಗುವುದು ಹುಡುಗರನ್ನು ಮತ್ತೆ ಇಂಜೆಕ್ಷನ್‌ಗೇ ತಳ್ಳುತ್ತದೆ. ಖಿನ್ನತೆ ತೀವ್ರವಾಗಿ ಬದುಕೇ ಬೇಡ ಅನ್ನುವ ಮಾತು ಬಂದರೆ ಕಾಯಬೇಡಿ, ಮನೋವೈದ್ಯರ ಹತ್ತಿರ ಅವತ್ತೇ ಕರೆದೊಯ್ಯಿರಿ.

ಕೂದಲು ಉದುರುತ್ತದೆ ಅಂತ ಫಿನಾಸ್ಟರೈಡ್ ಜೊತೆಗೆ ತಿನ್ನುವವರಿದ್ದಾರೆ. ನ್ಯಾಂಡ್ರೊಲೋನ್ ವಿಷಯದಲ್ಲಿ ಇದು ಉಲ್ಟಾ ಹೊಡೆಯುತ್ತದೆ. ಟೆಸ್ಟೋಸ್ಟೆರಾನ್ ಕೂದಲಿನ ಬುಡದಲ್ಲಿ 5-ಆಲ್ಫಾ ರಿಡಕ್ಟೇಸ್ ಕಿಣ್ವದಿಂದ ಹೆಚ್ಚು ಬಲದ್ದಾಗುತ್ತದೆ, ನ್ಯಾಂಡ್ರೊಲೋನ್ ಅದೇ ಕಿಣ್ವದಿಂದ ದುರ್ಬಲವಾಗುತ್ತದೆ. ಫಿನಾಸ್ಟರೈಡ್ ಆ ಕಿಣ್ವವನ್ನು ಕಟ್ಟಿಹಾಕಿದರೆ ದುರ್ಬಲವಾಗದ ನ್ಯಾಂಡ್ರೊಲೋನೇ ಕೂದಲಿನ ಬುಡದಲ್ಲಿ ಉಳಿಯುತ್ತದೆ.

ಹೃದಯದ್ದು ನಿಧಾನದ ಹಾನಿ. ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಇಳಿಯುತ್ತದೆ, ರಕ್ತ ದಪ್ಪವಾಗುತ್ತದೆ, ಹೃದಯದ ಗೋಡೆ ದಪ್ಪವಾಗಿ ಪಂಪು ಮಾಡುವ ಬಲ ಕುಗ್ಗುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೀರ್ಘಕಾಲ ಸ್ಟೆರಾಯ್ಡ್ ಬಳಸಿದ 86 ವೇಟ್‌ಲಿಫ್ಟರ್‌ಗಳ ಎಜೆಕ್ಷನ್ ಫ್ರಾಕ್ಷನ್ (ಹೃದಯ ಪ್ರತಿ ಬಡಿತಕ್ಕೆ ಹೊರತಳ್ಳುವ ರಕ್ತದ ಪಾಲು) ಸರಾಸರಿ ಶೇಕಡಾ 52 ಇತ್ತು, ಬಳಸದ 54 ಮಂದಿಯಲ್ಲಿ 63. ಲಿವರ್‌ಗೆ ನ್ಯಾಂಡ್ರೊಲೋನ್ ಇಂಜೆಕ್ಷನ್‌ಗಿಂತ ಸ್ಟನೊಜೊಲಾಲ್, ಆಕ್ಸಿಮೆಥೊಲೋನ್ ಥರದ ಮಾತ್ರೆಗಳು ಬಹಳ ಕೆಟ್ಟವು. ಲಿವರ್‌ನಲ್ಲಿ ರಕ್ತ ತುಂಬಿದ ಗುಳ್ಳೆ, ಗೆಡ್ಡೆ ಆಗುವುದು ಅವುಗಳಿಂದ.

ಈಗಾಗಲೇ ಹಾಕಿಕೊಂಡಿದ್ದರೆ ಬೈದು ಮುಚ್ಚಿಡಿಸಬೇಡಿ. ಮಾಡಿಸಬೇಕಾದ್ದು: ಬೆಳಿಗ್ಗೆ 8ರಿಂದ 10ರೊಳಗೆ ಟೆಸ್ಟೋಸ್ಟೆರಾನ್, ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣದ ಶೇಕಡಾವಾರು; 54 ದಾಟಿದರೆ ತುರ್ತು), ಲಿಪಿಡ್, ಬಿಪಿ, ಎಕೋ, ವೀರ್ಯ ಪರೀಕ್ಷೆ. ವ್ಯಾಯಾಮ ಮಾಡುವವರಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ (ಲಿವರ್ ಪರೀಕ್ಷೆಗಳು) ಸ್ನಾಯುವಿನಿಂದಲೇ ಏರಿರುತ್ತದೆ, ಹಾಗಾಗಿ ಜಿಜಿಟಿ (ಲಿವರ್‌ನದ್ದು) ಮತ್ತು ಸಿಪಿಕೆ (ಸ್ನಾಯುವಿನದ್ದು) ಕೂಡ ಸೇರಿಸಿ. ಇದು ಶೆಡ್ಯೂಲ್ ಹೆಚ್ ಔಷಧ, ಚೀಟಿ ಇಲ್ಲದೆ ಮಾರುವಂತಿಲ್ಲ. ಜಿಮ್‌ನಲ್ಲಿ ಟ್ರೇನರ್ ಕೈಯಿಂದ ಬರುವ ವಯಲ್‌ನಲ್ಲಿ ಏನಿದೆ ಅಂತ ಯಾರೂ ಹೇಳಲಾರರು.

ಹುಡುಗ ಯಾವುದಾದರೂ ಕ್ರೀಡೆಯಲ್ಲಿ ಆಡುತ್ತಿದ್ದರೆ ಇನ್ನೊಂದು ಮಾತು. ಮೂತ್ರದಲ್ಲಿ 19-ನಾರ್‌ಆಂಡ್ರೊಸ್ಟೆರಾನ್ (ನ್ಯಾಂಡ್ರೊಲೋನ್ ಮೈಯಲ್ಲಿ ಒಡೆದು ಆಗುವ ಅಂಶ) ಅನ್ನು ಎಂಎಲ್‌ಗೆ ಕೆಲವೇ ನ್ಯಾನೊಗ್ರಾಂ ಮಟ್ಟದಲ್ಲೇ ಹಿಡಿಯುತ್ತಾರೆ. ಡೆಕನೋಯೇಟ್ ಆದರೆ ಕೊನೆಯ ಇಂಜೆಕ್ಷನ್ ಆಗಿ ಎಷ್ಟೋ ತಿಂಗಳ ನಂತರವೂ ಸಿಗುತ್ತದೆ. ಬೇಕಂತಲೇ ಬಳಸಿದ್ದು ಅಂತಾದರೆ 4 ವರ್ಷ ನಿಷೇಧ.

ತುಂಗಾತೀರ

ರಿಪೋರ್ಟ್ ಬಂತು. ಟಿಸ್ಯಾಟ್ 13, ಫೆರಿಟಿನ್ 48, ಎಂಸಿವಿ 71, ಬಿ12 ಮತ್ತು ಟಿಎಸ್‌ಎಚ್ ನಾರ್ಮಲ್. ಪಿಟಿಎಚ್ 210, ಕ್ಯಾಲ್ಸಿಯಂ 8.3, ವಿಟಮಿನ್ ಡಿ 11. ಡಾಕ್ಟರ್ ನೋಡಿ ಇಂಜೆಕ್ಷನ್ ಸದ್ಯಕ್ಕೆ ಬೇಡ ಅಂದರು, ನೆಫ್ರಾಲಜಿಸ್ಟ್ ಹತ್ತಿರ ಕಳಿಸಿದ್ದಾರೆ. ಅಲ್ಲಿ ಏನು ಕೇಳಲಿ?

ಮಜ್ಜೆಮೂತ್ರಪಿಂಡ

ಇದು ಸ್ಪಷ್ಟವಾದ ಕಬ್ಬಿಣದ ಕೊರತೆ. 67ರ ವಯಸ್ಸಿನಲ್ಲಿ ಕಬ್ಬಿಣ ಎಲ್ಲಿ ಸೋರುತ್ತಿದೆ ಅಂತ ಹುಡುಕಲೇಬೇಕು: ಮಲದಲ್ಲಿ ರಕ್ತದ ಪರೀಕ್ಷೆ, ಅಗತ್ಯ ಬಿದ್ದರೆ ಎಂಡೋಸ್ಕೋಪಿ, ಕೊಲೊನೋಸ್ಕೋಪಿ. ಮಂಡಿ ನೋವಿಗೆ ಡೈಕ್ಲೋಫಿನಾಕ್ ಥರದ ಮಾತ್ರೆ ತಿನ್ನುತ್ತಿದ್ದಾರಾ ನೋಡಿ. ಹೊಟ್ಟೆಯಲ್ಲಿ ರಕ್ತ ಸೋರಿಸುವುದೂ ಅದೇ, ಕಿಡ್ನಿ ಕೆಡಿಸುವುದೂ ಅದೇ. ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ.

ಡ್ರಿಪ್‌ನಲ್ಲಿ ಕಬ್ಬಿಣ ಕೊಡುವ ಬಗ್ಗೆ ಕೇಳಿ. ಐರನ್ ಸುಕ್ರೋಸ್ ಆದರೆ 200 ಮಿ.ಗ್ರಾಂನಂತೆ 5 ಸಲ, ಎರಡು ವಾರದೊಳಗೆ ಒಟ್ಟು 1,000 ಮಿ.ಗ್ರಾಂ. ಆಮೇಲೆ 4 ವಾರ ಬಿಟ್ಟು ಹಿಮೋಗ್ಲೋಬಿನ್, ಟಿಸ್ಯಾಟ್ ಮತ್ತೆ ನೋಡಬೇಕು. ಕಬ್ಬಿಣ ತುಂಬಿದ ಮೇಲೂ ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೇ ನಿಂತರೆ ಎರಿಥ್ರೊಪೊಯೆಟಿನ್ ಮಾತು ಬರುತ್ತದೆ, ಅದಕ್ಕೆ ಬಿಪಿ ಹಿಡಿತದಲ್ಲಿರಬೇಕು, ಗುರಿ 11.5ಕ್ಕಿಂತ ಮೇಲೆ ಬೇಡ.

ವಿಟಮಿನ್ ಡಿ 11 ಮತ್ತು ಪಿಟಿಎಚ್ 210 ಒಟ್ಟಿಗೆ ಓದಬೇಕಾದ ಸಂಖ್ಯೆಗಳು. ಕೊಲೆಕ್ಯಾಲ್ಸಿಫೆರಾಲ್ 60,000 ಯೂನಿಟ್ ವಾರಕ್ಕೊಂದು, 8 ವಾರ ಕೊಡುವುದು ನಮ್ಮಲ್ಲಿ ರೂಢಿ. ಆಮೇಲೆ ಕ್ಯಾಲ್ಸಿಯಂ, ಪಿಟಿಎಚ್ ಮತ್ತೆ ಮಾಡಿಸಿ. ಈ ಮಧ್ಯೆ ಯಾರಾದರೂ ಮೂಳೆಗೆ ಅಂತ ಡೆನೊಸುಮ್ಯಾಬ್ 60 ಮಿ.ಗ್ರಾಂ ಇಂಜೆಕ್ಷನ್ ಸೂಚಿಸಿದರೆ ಕ್ಯಾಲ್ಸಿಯಂ 8.3 ಅಂತ ರಿಪೋರ್ಟ್ ಮುಂದಿಡಿ. ಕಿಡ್ನಿ ಇಷ್ಟು ಕುಂದಿರುವವರಲ್ಲಿ ಕ್ಯಾಲ್ಸಿಯಂ ಸರಿಪಡಿಸದೆ ಅದನ್ನು ಕೊಟ್ಟರೆ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆರಳು ಜುಮ್ಮೆನ್ನುವುದು, ಕೈ ಸೆಳೆತ, ತುಟಿಯ ಸುತ್ತ ಮರಗಟ್ಟುವುದು ಅದರ ಗುರುತು.